ಒಂದು ತೊಟ್ಟು ಬೆಳ್ಳಿ ಬಣ್ಣಕ್ಕೆ 600 ಮೆಗಾಹರ್ಟ್ಸ್

2014ರ ಬೇಸಿಗೆ. ಇಂಜಿನಿಯರಿಂಗ್ ಎರಡನೇ ವರ್ಷದ ರಜೆಗೆ ಮಾಸ್ತಿಗೆ ಬಂದಿದ್ದೆ. ಮನೆಯಲ್ಲಿದ್ದದ್ದು ಅಪ್ಪ ರೇಷ್ಮೆಗೂಡು ಮಾರಿದ ದುಡ್ಡಲ್ಲಿ ಕೊಡಿಸಿದ್ದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್. ಇಂಟೆಲ್ ಪೆಂಟಿಯಂ ಇ2160, 1.8 ಗಿಗಾಹರ್ಟ್ಸ್. ಪ್ರಾಜೆಕ್ಟ್ ಬಿಲ್ಡ್‌ಗೆ ಹಾಕಿದರೆ ಕಾಫಿ ಕುಡಿದು, ಲೋಟ ತೊಳೆದಿಟ್ಟು ಬರಬಹುದಿತ್ತು.

ಓವರ್‌ಕ್ಲಾಕ್ ಮಾಡೋಣ ಅಂದ್ರೆ ಬಯೋಸ್‌ನಲ್ಲಿ ಆ ಮೆನುವೇ ಇಲ್ಲ. ಆಫೀಸುಗಳಿಗೆ ಅಂತ ಮಾಡಿದ ಬೋರ್ಡು. ದಿನಾಂಕ, ಬೂಟ್ ಆರ್ಡರ್ ಬಿಟ್ಟು ಬೇರೇನೂ ಮುಟ್ಟೋಕೆ ಬಿಡಲ್ಲ.

ಆದ್ರೆ ಬಸ್ಸಿನ ವೇಗ ಎಷ್ಟು ಅಂತ ಬೋರ್ಡಿಗೆ ಹೇಳೋದೇ ಪ್ರೊಸೆಸರ್. ಈ ಚಿಪ್ಪಿನ ಅಡಿಯಲ್ಲಿ 775 ಚಪ್ಪಟೆ ಪ್ಯಾಡ್‌ಗಳಿವೆ, ಪಿನ್ನುಗಳಿರೋದು ಬೋರ್ಡಿನ ಸಾಕೆಟ್ಟಲ್ಲಿ. ಅವುಗಳಲ್ಲಿ ಮೂರಕ್ಕೆ ಬಿಸೆಲ್ ಅಂತ ಹೆಸರು: ಸೊನ್ನೆ, ಒಂದು, ಎರಡು. ಬಿಸೆಲ್ ಒಂದು ಮಾತ್ರ 'ಹೈ' ಇದ್ದರೆ 200 ಮೆಗಾಹರ್ಟ್ಸ್, ಮೂರೂ 'ಲೋ' ಆದರೆ 266. ನನ್ನ ಚಿಪ್ಪಿನ ಮಲ್ಟಿಪ್ಲೈಯರ್ 9. ಅಂದ್ರೆ ಆ ಒಂದು ಪ್ಯಾಡನ್ನು ಗ್ರೌಂಡ್ ಪ್ಯಾಡಿಗೆ ಸೇರಿಸಿದರೆ 1.8 ಹೋಗಿ 2.4. ಇದು 1066 ಬಸ್ಸಿನ ಚಿಪ್ಪು ಅಂತ ಬೋರ್ಡು ನಂಬಿಬಿಡುತ್ತೆ.

ಹೊಸ ಐಡಿಯಾ ಏನಲ್ಲ. 1998ರ ಸೆಲೆರಾನ್ 300ಎ ಕಾಲದಲ್ಲೇ ಬಿ21 ಅನ್ನೋ ಕಾಂಟ್ಯಾಕ್ಟಿಗೆ ಟೇಪ್ ಅಂಟಿಸಿ 300 ಮೆಗಾಹರ್ಟ್ಸನ್ನು 450 ಮಾಡ್ತಿದ್ರು. ಅಲ್ಲಿ ಮುಚ್ಚೋದು, ಇಲ್ಲಿ ಜೋಡಿಸೋದು.

ಜೋಡಿಸೋಕೆ ಬೇಕಾದ್ದು ಕರೆಂಟ್ ಹಾಯೋ ಬೆಳ್ಳಿ ಬಣ್ಣ. ಕಾರಿನ ಹಿಂದಿನ ಗಾಜಿನಲ್ಲಿ ಕಿತ್ತುಹೋದ ಹೀಟರ್ ಗೆರೆ ಸರಿ ಮಾಡೋಕೆ ಬಳಸ್ತಾರಲ್ಲ, ಅದು. ಮಾಲೂರಿಗೆ ಬಸ್ಸು, ಅಲ್ಲಿಂದ ಟ್ರೈನು, ಬೆಂಗಳೂರಿನ ಎಸ್.ಪಿ. ರೋಡಲ್ಲಿ ಸಿಕ್ತು.

ಮೊದಲ ಸಲ ಕಡ್ಡಿಯಲ್ಲಿ ಹಚ್ಚಿದೆ. ಬಣ್ಣ ಪಕ್ಕದ ಇನ್ನೊಂದು ಪ್ಯಾಡಿಗೂ ಹರಡಿತ್ತು ಅಂತ ಗೊತ್ತಾಗಿದ್ದು ಆಮೇಲೆ. ಸ್ವಿಚ್ ಹಾಕಿದೆ. ಫ್ಯಾನು ತಿರುಗ್ತಿದೆ, ಮಾನಿಟರ್ ಕಪ್ಪು. ಆಫ್ ಮಾಡಿ ಹಾಕಿದರೂ ಕಪ್ಪೇ. ಅದೇ ಹೊತ್ತಿಗೆ ಅಪ್ಪ ಒಳಗೆ ಬಂದರು.

"ಏನೋ, ಎಲ್ಲಾ ಬಿಚ್ಚಿ ಹಾಕಿದ್ದೀಯ?"

"ಧೂಳು ಒರೆಸ್ತಾ ಇದ್ದೀನಪ್ಪ."

"ಹುಷಾರು. ನಿನ್ ತಂಗಿಗೂ ಅದೇ ಇರೋದು."

ಆ ಸಲ ಗೂಡಿನ ರೇಟು ಎಷ್ಟಿತ್ತು, ಅದರಲ್ಲಿ ಎಷ್ಟು ಇದಕ್ಕೆ ಹೋಯ್ತು ಅಂತ ನನಗೆ ಗೊತ್ತಿತ್ತು. ಮೆಡಿಕಲ್ ಸ್ಟೋರಿಂದ ಸ್ಪಿರಿಟ್ ತಂದು ಒರೆಸಿ, ಈ ಸಲ ಸೂಜಿ ಮೊನೆಯಲ್ಲಿ ಹಚ್ಚಿದೆ, ಒಣಗೋ ತನಕ ಕಾದೆ. ಸ್ಕ್ರೀನ್ ಬಂತು. 2.40 ಗಿಗಾಹರ್ಟ್ಸ್!

ನಾಲ್ಕು ನಿಮಿಷದ ಬಿಲ್ಡ್ ಮೂರಕ್ಕೆ ಇಳೀತು. ವಿಂಡೋಸ್ ಶುರುವಾಗೋದು ಮಾತ್ರ ಮೊದಲಿನಷ್ಟೇ ನಿಧಾನ, ಅದಕ್ಕೆ ಕಾರಣ ಹಾರ್ಡ್ ಡಿಸ್ಕು. ನಿಜ ಹೇಳ್ಬೇಕಂದ್ರೆ ಟ್ರೈನ್ ಚಾರ್ಜು, ಬಣ್ಣದ ದುಡ್ಡು ಸೇರಿಸಿ ಹಳೇ ರ‍್ಯಾಮ್ ಒಂದು ತಂದಿದ್ರೆ ಮನೆಯವರಿಗೆಲ್ಲ ಹೆಚ್ಚು ಉಪಯೋಗ ಆಗ್ತಿತ್ತು.

ಮೇ ತಿಂಗಳ ಮಧ್ಯಾಹ್ನ, ಮೇಲೆ ಶೀಟು. ಮಷಿನ್ ಹ್ಯಾಂಗ್ ಆಗೋಕೆ ಶುರುವಾಯ್ತು. ವೋಲ್ಟೇಜ್ ಹೇಳೋ ಪ್ಯಾಡ್‌ಗಳು ಬೇರೆ, ಅವು ಹಳೇದನ್ನೇ ಹೇಳ್ತಿದ್ವು. ಬಿಸಿಯಲ್ಲಿ ಈ ವೇಗಕ್ಕೆ ಅದು ಸಾಲದು. ಏರಿಸೋಣ ಅಂದ್ರೆ ಮೆನು ಇಲ್ಲ. ಒಂದ್ಸಲ ತಂಗಿ ಟೈಪ್ ಮಾಡಿದ ನಾಲ್ಕು ಪುಟ ಹೋಯ್ತು. ಕರೆಂಟು ಏರುಪೇರಾಗಿರ್ಬೇಕು ಅಂತ ಅವಳೇ ಅಂದ್ಕೊಂಡಳು. ನಾನೂ ಹೂಂ ಅಂದೆ.

ಹಾಸ್ಟೆಲಿಗೆ ಹೊರಡೋ ಹಿಂದಿನ ರಾತ್ರಿ ಎಲ್ಲರೂ ಮಲಗಿದ ಮೇಲೆ ಮತ್ತೆ ಸ್ಪಿರಿಟ್, ಹತ್ತಿ. ಬಣ್ಣ ಪೂರ್ತಿ ಒರೆಸಿ, ಚಿಪ್ಪಿಗೆ ಹೊಸ ಪೇಸ್ಟ್ ಹಚ್ಚಿ ಕೂರಿಸಿದೆ.

ವಾರ ಆದ್ಮೇಲೆ ತಂಗಿ ಫೋನ್ ಮಾಡಿದ್ಲು: "ಅಣ್ಣ, ಕಂಪ್ಯೂಟರ್ ಯಾಕೋ ಸ್ವಲ್ಪ ಸ್ಲೋ ಆಗಿದೆ. ಆದ್ರೆ ಈಗ ಆಫ್ ಆಗ್ತಿಲ್ಲ."