ಒಂದರ ಮೇಲೊಂದು ಕೂರುವ ಕಟ್ಟಡ

ದೇವರಾಜ ಮೊಹಲ್ಲಾದ ಒಳಬೀದಿಗಳಲ್ಲಿ ಮನೆಯ ಮೇಲೆ ಇನ್ನೊಂದು ಮಹಡಿ ಏರಿಸಹೊರಟವರನ್ನು ಕೇಳಿ ನೋಡಿ. ಮರಳು, ಜಲ್ಲಿ, ಇಟ್ಟಿಗೆಯನ್ನು ಎಲ್ಲಿ ಸುರಿಯುವುದು ಎಂಬುದೇ ಅವರಿಗೆ ದೊಡ್ಡ ತಲೆನೋವು. ಬೀದಿಯಲ್ಲಿ ಸುರಿದರೆ ಸ್ಕೂಟರ್ ಕೂಡ ನುಸುಳದು; ನೆರೆಯವರ ಮುಖ ಗಂಟಿಕ್ಕುತ್ತದೆ. ಇಂಥ ಕಡೆ ಕಟ್ಟಡವನ್ನು ಕಾರ್ಖಾನೆಯಲ್ಲೇ ತಯಾರಿಸಿ ತಂದು ಜೋಡಿಸಿದರೆ ಹೇಗೆ? ಇದಕ್ಕೇ ಪ್ರೀಫ್ಯಾಬ್ ಎನ್ನುತ್ತಾರೆ.

ಮೈಸೂರಿಗೆ ಈ ವಿದ್ಯೆ ಹೊಸದೇನಲ್ಲ. ದೇವರಾಜ ಮಾರುಕಟ್ಟೆಯಿಂದ ಸ್ವಲ್ಪ ದೂರ ನಡೆದರೆ ಅರಮನೆ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ವಿನ್ಯಾಸದಂತೆ ಎದ್ದು, 1912ರಲ್ಲಿ ಪೂರ್ಣಗೊಂಡ ಕಟ್ಟಡವದು. ಅದರ ಕಲ್ಯಾಣ ಮಂಟಪದ ಎರಕದ ಕಬ್ಬಿಣದ ಕಂಬಗಳು ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ, ವಾಲ್ಟರ್ ಮ್ಯಾಕ್‌ಫರ್ಲೇನ್ ಕಂಪನಿಯಲ್ಲಿ ತಯಾರಾಗಿ, ಹಡಗೇರಿ ಬಂದು ಇಲ್ಲಿ ಜೋಡಣೆಯಾದವು. ದಸರೆಗೆ ಬಂದ ಮಕ್ಕಳು ನವಿಲುಗಳ ಗಾಜಿನ ಛಾವಣಿಯನ್ನು ಕತ್ತೆತ್ತಿ ನೋಡುತ್ತಾರೆ. ಅದನ್ನು ಹೊತ್ತ ಕಂಬಗಳತ್ತ ಕಣ್ಣು ಹಾಯಿಸುವವರು ಕಡಿಮೆ.

ಇಂದಿನ ಪ್ರೀಫ್ಯಾಬ್‌ನಲ್ಲಿ ಎರಡು ದಾರಿಗಳಿವೆ. ಇಡೀ ಕೋಣೆಯನ್ನೇ ಪೆಟ್ಟಿಗೆಯಂತೆ ತಂದು ಕ್ರೇನಿನಿಂದ ಇಳಿಸುವುದು ಒಂದು. ಗೋಡೆ, ಛಾವಣಿಗಳನ್ನು ಹಲಗೆಗಳಾಗಿ ತಂದು ಸ್ಥಳದಲ್ಲೇ ಬೋಲ್ಟ್ ಹಾಕುವುದು ಇನ್ನೊಂದು. ಹಡಗಿನ ಸರಕು ಪೆಟ್ಟಿಗೆಯ ಅಳತೆ ಉದ್ದ 20 ಅಡಿ, ಅಗಲ 8 ಅಡಿ. ಅದನ್ನು ಹೊತ್ತ ಲಾರಿ ಮೊಹಲ್ಲಾದ ಸಂದಿಯಲ್ಲಿ ತಿರುಗುವುದುಂಟೆ? ಇಂಥ ಕಡೆ ಹಲಗೆಯೇ ಸರಿ. ಅಂದರೆ ವಿನ್ಯಾಸಕಾರ ನಕ್ಷೆ ಬರೆಯುವ ಮುನ್ನ ಬೀದಿಯ ತಿರುವನ್ನು ಅಳೆಯಬೇಕು.

ಈ ಹಲಗೆಯ ಒಳಗೇನಿದೆ? ಎರಡು ತೆಳು ಉಕ್ಕಿನ ತಗಡು. ನಡುವೆ, ಹೋಳಿಗೆಯ ಹೂರಣದಂತೆ, ಪಾಲಿಯುರೇಥೇನ್ ನೊರೆ. ನೊರೆಯ ಸಣ್ಣ ಗುಳ್ಳೆಗಳಲ್ಲಿ ಸೆರೆಯಾದ ಅನಿಲ ಶಾಖವನ್ನು ಸುಲಭವಾಗಿ ದಾಟಗೊಡುವುದಿಲ್ಲ. ಐದು ಸೆಂಟಿಮೀಟರ್ ದಪ್ಪದ ನೊರೆ, ಶಾಖ ತಡೆಯುವ ಲೆಕ್ಕದಲ್ಲಿ, ನಾಲ್ಕೈದು ಅಡಿ ದಪ್ಪದ ಇಟ್ಟಿಗೆ ಗೋಡೆಗೆ ಸಮ! ಹಾಗಾದರೆ ಒಳಗೆ ಸದಾ ತಂಪೇ ಎಂದು ಪೋಷಕರು ಕೇಳಬಹುದು. ಅಷ್ಟು ಸರಳವಿಲ್ಲ. ಸುಮ್ಮನೆ ಕುಳಿತ ಮನುಷ್ಯನ ಮೈಯಿಂದ ಸುಮಾರು 100 ವಾಟ್ ಶಾಖ ಹೊರಡುತ್ತದೆ. ನಲವತ್ತು ಮಕ್ಕಳ ತರಗತಿಯೆಂದರೆ ನಾಲ್ಕು ಇಸ್ತ್ರಿಪೆಟ್ಟಿಗೆಗಳನ್ನು ಹಚ್ಚಿಟ್ಟಂತೆ. ಬಿಸಿಲನ್ನು ಒಳಬಿಡದ ಗೋಡೆ ಈ ಶಾಖವನ್ನು ಹೊರಗೂ ಬಿಡದು. ಎದುರುಬದುರು ಕಿಟಕಿಗಳನ್ನು ಇಡದಿದ್ದರೆ ಮಧ್ಯಾಹ್ನದ ಪಾಠ ಯಾರ ತಲೆಗೂ ಹತ್ತುವುದಿಲ್ಲ.

ಹಲಗೆಗಿಂತ ಹೆಚ್ಚು ಕಾಟ ಕೊಡುವುದು ಎರಡು ಹಲಗೆಗಳ ನಡುವಿನ ಕೂಡುಗೆರೆ. ಮಳೆ ನುಗ್ಗುವುದು ಅಲ್ಲೇ, ಶಾಖ ನುಸುಳುವುದೂ ಅಲ್ಲೇ. ಬೆಂಕಿಯ ಮಾತಂತೂ ಇನ್ನೂ ಗಂಭೀರ. ನೊರೆ ಉರಿಯುವ ವಸ್ತು. 2017ರಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರಿನಲ್ಲಿ ಹೊರಗೋಡೆಗೆ ಹೊದಿಸಿದ್ದ ಹಲಗೆಗಳ ಮೂಲಕ ಬೆಂಕಿ ಮೇಲೇರಿ 72 ಮಂದಿ ಸತ್ತರು. ಶಾಲೆ, ಹಾಸ್ಟೆಲುಗಳಿಗೆ ನೊರೆಯ ಬದಲು ಕಲ್ಲುನಾರಿನ ಹೂರಣವೇ ವಾಸಿ. ತೂಕ ಹೆಚ್ಚು, ಆದರೆ ಅದು ಹೊತ್ತಿ ಉರಿಯದು.

ಇನ್ನು ಒಂದರ ಮೇಲೊಂದು ಪೇರಿಸುವುದು. ಹಡಗಿನಲ್ಲಿ ಸರಕು ಪೆಟ್ಟಿಗೆಗಳು ಏಳೆಂಟು ಅಂತಸ್ತು ನಿಂತಿರುತ್ತವಲ್ಲ, ಅಲ್ಲಿ ಮೇಲಿನ ಭಾರ ಇಳಿಯುವುದು ನಾಲ್ಕು ಮೂಲೆಯ ಕಂಬಗಳ ಮೂಲಕ. ಮೂಲೆಗೆ ಮೂಲೆ ಸರಿಯಾಗಿ ಕೂರಬೇಕು. ಹಲಗೆಯ ಮನೆಗೂ ಇಂಥದೇ ಉಕ್ಕಿನ ಚೌಕಟ್ಟು ಬೇಕು. ಮೊಹಲ್ಲಾದವರು ಎಚ್ಚರ ವಹಿಸಬೇಕಾದ್ದು ಇಲ್ಲಿಯೇ. ‘ಹಗುರವಾದದ್ದು ತಾನೇ, ಹಳೆಯ ತಾರಸಿಯ ಮೇಲೆ ಇಟ್ಟುಬಿಡೋಣ’ ಎನ್ನುವವರಿದ್ದಾರೆ. ಒಟ್ಟು ತೂಕ ಕಡಿಮೆಯಿದ್ದರೂ ಅದು ಇಳಿಯುವುದು ಕೆಲವೇ ಬಿಂದುಗಳ ಮೇಲೆ. ಹಳೆಯ ಗಾರೆಗೋಡೆ ಅದನ್ನು ತಾಳಬಲ್ಲದೇ ಎಂದು ಎಂಜಿನಿಯರ್ ಪರೀಕ್ಷಿಸಲೇಬೇಕು. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಮೇಲೇನೂ ಹೊಸದಾಗಿ ಹೇರದೆಯೇ ಹೀಗಾದರೆ, ಹೇರಿದ ಮೇಲಿನ ಮಾತೇನು?

ಟೋಕಿಯೊದಲ್ಲಿ 1972ರಲ್ಲಿ ಕಿಶೊ ಕುರೊಕಾವಾ ಕಟ್ಟಿದ ನಕಗಿನ್ ಕ್ಯಾಪ್ಸೂಲ್ ಟವರಿನಲ್ಲಿ 140 ಪುಟ್ಟ ಪೆಟ್ಟಿಗೆ ಮನೆಗಳಿದ್ದವು. ಇಪ್ಪತ್ತೈದು ವರ್ಷಕ್ಕೊಮ್ಮೆ ಹಳೆಯದನ್ನು ತೆಗೆದು ಹೊಸದನ್ನು ಹಾಕುವುದೆಂದು ಯೋಜನೆ. ನಮ್ಮ ಊಟದ ಕ್ಯಾರಿಯರ್ ನೆನಪಿಸಿಕೊಳ್ಳಿ: ಕೆಳಗಿನ ಡಬ್ಬಿ ಬೇಕಾದರೆ ಮೇಲಿನವುಗಳನ್ನೆಲ್ಲ ಇಳಿಸಬೇಕು. ಅಲ್ಲಿ ಆದದ್ದೂ ಅದೇ. ಖರ್ಚಿಗೆ ಮಾಲೀಕರೆಲ್ಲ ಒಪ್ಪಲಿಲ್ಲ, ಒಂದು ಪೆಟ್ಟಿಗೆಯೂ ಬದಲಾಗಲಿಲ್ಲ. 2022ರಲ್ಲಿ ಇಡೀ ಕಟ್ಟಡವನ್ನೇ ಬಿಚ್ಚಿಹಾಕಿದರು.

ಆರ್ಕಿಟೆಕ್ಚರ್ ಓದಬೇಕೆಂಬ ಆಸೆಯಿರುವ ವಿದ್ಯಾರ್ಥಿಗಳು ಈ ಭಾನುವಾರ ಆರು ಬೆಂಕಿಪೊಟ್ಟಣ, ಒಂದಿಷ್ಟು ಕಡ್ಡಿ ತೆಗೆದುಕೊಂಡು ಕೂರಬಹುದು. ಮೂರು ಅಂತಸ್ತು ಪೇರಿಸಬೇಕು. ಮೇಲಿನದು ಅಲುಗದಂತೆ ನಡುವಿನದನ್ನು ಹೊರಗೆಳೆಯಬೇಕು. ಕಡ್ಡಿಗಳ ಚೌಕಟ್ಟು ಪೊಟ್ಟಣದ ಹೊರಗಿರಬೇಕೋ ಒಳಗಿರಬೇಕೋ, ಮಾಡಿ ನೋಡಿ.