ಮೊದಲು ರಬ್ಬರು, ಆಮೇಲೆ ಶೋಕಿ

ನನ್ನ ಹತ್ರ 1998ರ ಬಿಎಂಡಬ್ಲ್ಯು ಎಂ3 ಇದೆ. ನನಗಿಂತ ಒಂದು ವರ್ಷ ಚಿಕ್ಕದು ಅಷ್ಟೇ. ಕಳೆದ ಚಳಿಗಾಲದ ಮಳೇಲಿ ಫ್ರೀವೇ ಇಳಿಯುವಾಗ ಬ್ರೇಕ್ ಒತ್ತಿದೆ ನೋಡಿ, ಗಾಡಿಯ ಹಿಂಭಾಗ ಪಕ್ಕಕ್ಕೆ ಜಾರಿತು. ಪಕ್ಕದ ಸೀಟಲ್ಲಿ ಹೆಂಡತಿ. ಎದೆ ಧಸಕ್ ಅಂತು!

ಗೆಳೆಯರದ್ದೆಲ್ಲ ಒಂದೇ ರಾಗ: "ಕಾಯಿಲೋವರ್ ಹಾಕ್ಸು, ಗಾಡಿ ತಗ್ಗಿಸು." ಎರಡು ಸಾವಿರ ಡಾಲರ್ ಬಾಬತ್ತು. ನಾನೂ ಆರ್ಡರ್ ಮಾಡೋದ್ರಲ್ಲಿದ್ದೆ. ಅದಕ್ಕೆ ಮುಂಚೆ ಗಾಡಿ ಎತ್ತಿ ನೋಡಿದ್ರೆ, ಟ್ರೇಲಿಂಗ್ ಆರ್ಮಿನ ಮುಂದಿನ ತುದಿಯ ರಬ್ಬರ್ ಬುಶ್ ವಯಸ್ಸಾಗಿ ಹರಿದಿತ್ತು. ಅದು ಸಡಿಲಾದ್ರೆ ಬ್ರೇಕ್ ಒತ್ತಿದಾಗ, ಆಕ್ಸಿಲರೇಟರ್ ಬಿಟ್ಟಾಗ ಹಿಂದಿನ ಚಕ್ರದ ದಿಕ್ಕೇ ಬದಲಾಗುತ್ತೆ. ಅದರ ಮೇಲೆ ಗಟ್ಟಿ ಸ್ಪ್ರಿಂಗ್ ಕೂರಿಸೋದು ಅಂದ್ರೆ ಮೊದಲೇ ಮಂಗ, ಮೇಲೆ ಹೆಂಡ ಕುಡಿಸಿದ ಹಾಗೆ.

ರಬ್ಬರ್ ಬದಲು ಪಾಲಿಯುರೇಥೇನ್ ಹಾಕು ಅಂತಾರೆ ಕೆಲವರು. ನಾನು ಒಪ್ಪಲ್ಲ. ಈ ಆರ್ಮ್ ಮೇಲೆ ಕೆಳಗೆ ಆಡಿದ್ರೆ ಸಾಲದು, ಸ್ವಲ್ಪ ತಿರುಚಿಕೊಳ್ಳಲೂ ಬೇಕು. ಪಾಲಿ ಅದನ್ನು ಬಿಗಿ ಹಿಡಿಯುತ್ತೆ. ಹೊಸ ರಬ್ಬರ್ ಬುಶ್, ಅಕ್ಕಪಕ್ಕ ಲಿಮಿಟರ್ ಬಿಲ್ಲೆ, ಆಮೇಲೆ ವೀಲ್ ಅಲೈನ್‌ಮೆಂಟ್. ಇಷ್ಟಕ್ಕೇ ನನ್ನ ಗಾಡಿ ನೆಟ್ಟಗೆ ಹೋಗ್ತಿದೆ.

ಕಾಯಿಲೋವರ್ ಬೇಡವೇ ಬೇಡ ಅಂತಲ್ಲ ಮಾರಾಯ್ರೆ. ಸರದಿ ತಪ್ಪಬಾರದು ಅಷ್ಟೇ. ಹೊಳೆಯೋ ಸಾಮಾನು ಫೋಟೋಗೆ ಚೆಂದ. ಪಕ್ಕದಲ್ಲಿ ಕೂತವರನ್ನು ಮನೆ ಮುಟ್ಟಿಸೋದು ಯಾರ ಕಣ್ಣಿಗೂ ಬೀಳದ ಆ ರಬ್ಬರ್ ತುಂಡು. ನೀವೇನಂತೀರಿ?