ಸೊಲ್ಲಾಪುರದ ತಂತಿ



ಭೂಗೋಳದ ತರಗತಿಯಲ್ಲಿ ರೇಖಾಂಶದ ಲೆಕ್ಕ ಮಾಡಿದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ. ಈ ಒಂದು ಸಾಲನ್ನು ನಾನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಯರಗೇರಾದ ಬಿಸಿಲಿನಲ್ಲಿ ಮಧ್ಯಾಹ್ನದ ತರಗತಿಯೆಂದರೆ ಹಿಂದಿನ ಬೆಂಚಿನವರಿಗೆ ತೂಕಡಿಕೆಯ ಹೊತ್ತು. ಅವರಲ್ಲೊಬ್ಬ ಒಮ್ಮೆ ಎದ್ದು ನಿಂತು, "ಇದರ ಉಪಯೋಗ ಏನ್ರೀ ಸರ?" ಎಂದು ಕೇಳಿದ್ದ. "ಪರೀಕ್ಷೆಯಲ್ಲಿ ಎರಡು ಅಂಕ ಬರುತ್ತವೆ, ಕೂಡು" ಎಂದಿದ್ದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಹೊಳೆದದ್ದು ನಿವೃತ್ತಿಯಾದ ಮೇಲೆ.

ರಾಯಚೂರು ಪೂರ್ವ ರೇಖಾಂಶ 77 ಡಿಗ್ರಿಯ ಮೇಲಿದೆ, ಅಬುಧಾಬಿ 54ರ ಮೇಲೆ. ಅಂತರ 23 ಡಿಗ್ರಿ, ಅಂದರೆ 92 ನಿಮಿಷ. ನಮ್ಮಲ್ಲಿ ಹೊತ್ತು ಮುಳುಗಿ ಮನೆಮನೆಯಲ್ಲಿ ದೀಪ, ಫ್ಯಾನು, ಟಿ.ವಿ. ಹಾಕುವ ವೇಳೆಗೆ ಅರಬರ ಮರುಭೂಮಿಯಲ್ಲಿ ಇನ್ನೂ ಒಂದೂವರೆ ಗಂಟೆಯ ಬಿಸಿಲು ಉಳಿದಿರುತ್ತದೆ. ಅತ್ತ ಸಿಂಗಪುರ 104 ಡಿಗ್ರಿಯ ಮೇಲಿದೆ. ನಾವು ಬೆಳಗಿನ ನೀರು ಕಾಯಿಸುವ ಮೊದಲೇ ಅಲ್ಲಿ ಸೂರ್ಯ ಮೇಲೇರಿರುತ್ತಾನೆ. ಜಗತ್ತಿನ ಊರುಗಳನ್ನೆಲ್ಲ ಒಂದೇ ವಿದ್ಯುತ್ ಜಾಲದಲ್ಲಿ ಜೋಡಿಸಿದರೆ ಎಲ್ಲೋ ಒಂದು ಕಡೆ ಹಗಲು ಇದ್ದೇ ಇರುತ್ತದಲ್ಲವೇ? ಪ್ಯಾರಿಸಿನಲ್ಲಿ 2015ರ ನವೆಂಬರ್ 30ರಂದು ಭಾರತ ಮತ್ತು ಫ್ರಾನ್ಸ್ ಸೇರಿ ಅಂತಾರಾಷ್ಟ್ರೀಯ ಸೌರ ಒಕ್ಕೂಟವನ್ನು ಘೋಷಿಸಿದವು; ಅದರ ಕೇಂದ್ರ ಕಚೇರಿ ನಮ್ಮ ಗುರುಗ್ರಾಮದಲ್ಲಿದೆ. ಅದರ ಮೊದಲ ಮಹಾಸಭೆ 2018ರಲ್ಲಿ ನಡೆದಾಗ 'ಒಂದು ಸೂರ್ಯ, ಒಂದು ಜಗತ್ತು, ಒಂದು ಜಾಲ' ಎಂಬ ಮಾತು ಹೊರಟಿತು. 2021ರ ನವೆಂಬರಿನಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತ ಮತ್ತು ಬ್ರಿಟನ್ ಅದನ್ನು ಜಂಟಿ ಯೋಜನೆಯಾಗಿ ಸಾರಿದವು.

ಇಂಥ ಘೋಷಣೆಗಳನ್ನು ಕೇಳಿದಾಗ ನಮ್ಮ ಕಡೆಯ ಜನ ನಗುತ್ತಾರೆ. ಹಗಲು ಹೊತ್ತು ಹೊಲದ ಮೋಟರಿಗೆ ಕರೆಂಟು ಇಲ್ಲದ ಊರಿನಲ್ಲಿ ಸಿಂಗಪುರದ ಮಾತು ಬಂದರೆ ನಗು ಬರುವುದು ಸಹಜ. ಆದರೂ ನಾನು ನಗಲಾರೆ. ಏಕೆಂದರೆ ಜಾಲ ಜೋಡಿಸುವುದೆಂದರೇನು, ಅದರಿಂದ ಯಾರಿಗೆ ಲಾಭ, ಯಾರಿಗೆ ಭಾರ ಎಂಬುದನ್ನು ಈ ದೇಶದಲ್ಲಿ ಯಾರಾದರೂ ಅನುಭವದಿಂದ ಹೇಳಬಹುದಾದರೆ ಅದು ರಾಯಚೂರಿನವರೇ.

ಅನೇಕರಿಗೆ ಈ ವಿಷಯ ತಿಳಿದಿಲ್ಲ. ಜಿಲ್ಲೆಯ ಪಠ್ಯದಲ್ಲಿ ಬರಬೇಕಾದ ಸಂಗತಿ ಇದು. ಭಾರತದ ಉತ್ತರ, ಪೂರ್ವ, ಪಶ್ಚಿಮ ಮತ್ತು ಈಶಾನ್ಯದ ಜಾಲಗಳು 2006ರ ಹೊತ್ತಿಗೆ ಒಂದಾಗಿದ್ದವು. ದಕ್ಷಿಣದ್ದು ಮಾತ್ರ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ 765 ಕಿಲೋವೋಲ್ಟ್ ತಂತಿಗೆ ವಿದ್ಯುತ್ ಹರಿಸಿದಾಗ ಇಡೀ ದೇಶ ಒಂದು ಜಾಲವಾಯಿತು. ಸುಮಾರು 200 ಕಿ.ಮೀ. ತಂತಿ ಅದು. ಆ ಹೊತ್ತಿನಿಂದ ಶಕ್ತಿನಗರದ ಚಕ್ರವೂ ಪಂಜಾಬಿನ ಚಕ್ರವೂ ಒಂದೇ ಲಯದಲ್ಲಿ, ಸೆಕೆಂಡಿಗೆ 50 ಆವರ್ತನದ ಲೆಕ್ಕದಲ್ಲಿ ತಿರುಗತೊಡಗಿದವು. ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ ಎಂದರೆ ನಿಮಗೆ ಬೇಗ ತಿಳಿಯುತ್ತದೆ.

ಎತ್ತಿನ ಮಾತು ಬಂದಿತಾದ್ದರಿಂದ ಅದರ ಅಪಾಯವನ್ನೂ ಹೇಳಬೇಕು. ಜೋಡೆತ್ತಿನಲ್ಲಿ ಒಂದು ಬಿದ್ದರೆ ಇನ್ನೊಂದು ಮುಗ್ಗರಿಸುತ್ತದೆ. 2012ರ ಜುಲೈ 30 ಮತ್ತು 31ರಂದು ಉತ್ತರದ ಜಾಲ ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯವನ್ನೂ ಎಳೆದುಕೊಂಡು ಬಿತ್ತು. 60 ಕೋಟಿಗೂ ಹೆಚ್ಚು ಜನರಿದ್ದ ಪ್ರದೇಶ ಕತ್ತಲಾಯಿತು. ನಮ್ಮಲ್ಲಿ ಎಂದಿನ ಲೋಡ್ ಶೆಡ್ಡಿಂಗ್ ಬಿಟ್ಟರೆ ಏನೂ ಆಗಲಿಲ್ಲ. ನಾವಿನ್ನೂ ಆ ನೊಗಕ್ಕೆ ಕುತ್ತಿಗೆ ಕೊಟ್ಟಿರಲಿಲ್ಲ.

ಹಾಗಾದರೆ ದೇಶದೇಶಗಳನ್ನು ಜೋಡಿಸುವುದು ತಲೆಯ ಮೇಲೆ ಅಪಾಯ ಎಳೆದುಕೊಂಡಂತೆ ಅಲ್ಲವೇ? ಅಲ್ಲ. ನೊಗ ಕಟ್ಟದೆಯೇ ಕೊಡುಕೊಳ್ಳುವ ವಿಧಾನವೂ ಇದೆ. ಎರಡು ಜಾಲಗಳ ನಡುವೆ ಡಿಸಿ ವಿದ್ಯುತ್ತಿನ ಕೊಂಡಿ ಹಾಕಿದರೆ, ನೆರೆಮನೆಯವರು ಗೋಡೆಯ ಮೇಲಿಂದ ಮೊಸರಿನ ಗಿಂಡಿ ದಾಟಿಸಿದಂತೆ, ಇಷ್ಟೇ ವಿದ್ಯುತ್ ಎಂದು ಅಳೆದು ಕೊಡಬಹುದು; ಒಬ್ಬರ ಮನೆಯ ಗದ್ದಲ ಇನ್ನೊಬ್ಬರ ಮನೆಗೆ ನುಗ್ಗುವುದಿಲ್ಲ. 2013ಕ್ಕೆ ಮೊದಲು ದಕ್ಷಿಣಕ್ಕೂ ಉಳಿದ ಭಾರತಕ್ಕೂ ಇದ್ದದ್ದು ಇಂಥ ಕೊಂಡಿಗಳೇ. ಪಶ್ಚಿಮ ಬಂಗಾಳದ ಬಹರಾಂಪುರದಿಂದ ಬಾಂಗ್ಲಾದೇಶದ ಭೇರಾಮಾರಾಕ್ಕೆ 2013ರಲ್ಲಿ ಆರಂಭವಾದ ಮಾರ್ಗದಲ್ಲಿರುವುದೂ ಅದೇ.

ಎಂಜಿನಿಯರನಾಗಿರುವ ನನ್ನ ಶಿಷ್ಯನೊಬ್ಬ ಈ ಬಗ್ಗೆ ನನ್ನೊಡನೆ ದೀರ್ಘವಾಗಿ ವಾದಿಸಿದ. "ಬ್ಯಾಟರಿ ವರ್ಷದಿಂದ ವರ್ಷಕ್ಕೆ ಅಗ್ಗವಾಗುತ್ತಿದೆ ಸರ್, ಹಗಲಿನ ಬಿಸಿಲನ್ನು ಸಂಜೆಗೆ ಇಟ್ಟುಕೊಂಡರಾಯಿತು, ಸಮುದ್ರದಡಿ ತಂತಿ ಏಕೆ?" ಎಂಬುದು ಅವನ ಪ್ರಶ್ನೆ. ಅಬುಧಾಬಿಯ ಮಟ್ಟಿಗೆ ಅವನ ಮಾತನ್ನು ಒಪ್ಪಿದೆ. 92 ನಿಮಿಷದ ಬಿಸಿಲಿಗಾಗಿ ಅರಬ್ಬಿ ಸಮುದ್ರದ ತಳ ಅಗೆಯುವುದಕ್ಕಿಂತ ಪಾವಗಡದಲ್ಲಿ ಬ್ಯಾಟರಿ ಇಡುವುದು ಮೇಲು. ಆದರೆ ಬ್ಯಾಟರಿ ಕೆಲವು ಗಂಟೆಗಳನ್ನು ದಾಟಿಸೀತು, ಋತುಗಳನ್ನು ದಾಟಿಸಲಾರದು. ಮಳೆಗಾಲದ ಮೋಡದಲ್ಲಿ ನಮ್ಮ ಸೌರ ಫಲಕಗಳು ಮಂಕಾಗುವ ತಿಂಗಳುಗಳಲ್ಲೇ ನೇಪಾಳದ ನದಿಗಳು ತುಂಬಿ ಹರಿಯುತ್ತವೆ, ಅಲ್ಲಿ ಜಲವಿದ್ಯುತ್ ಮಿಗುತ್ತದೆ. ಚಳಿಗಾಲದಲ್ಲಿ ಅವರ ನದಿಗಳು ಬಡವಾಗಿ ಅವರು ನಮ್ಮಿಂದ ಕೊಳ್ಳುತ್ತಾರೆ; ಆಗ ನಮ್ಮ ಆಕಾಶ ನಿರ್ಮಲ. ಜಗತ್ತಿನ ಜಾಲಕ್ಕಿಂತ ಮೊದಲು ಈ ನೆರೆಹೊರೆಯ ಮುಯ್ಯಿ ಗಟ್ಟಿಯಾಗಲಿ ಎಂಬುದೇ ನನ್ನ ವಾದ. ಭೂತಾನಿನಲ್ಲಿ ನಾವಿದನ್ನು ಮಾಡಿ ತೋರಿಸಿದ್ದೇವೆ: 336 ಮೆಗಾವ್ಯಾಟಿನ ಚೂಖಾ ಯೋಜನೆಗೆ ಭಾರತ ಶೇ. 60 ಅನುದಾನ, ಶೇ. 40 ಸಾಲ ಕೊಟ್ಟಿತು. 1980ರ ದಶಕದ ಕೊನೆಯಿಂದ ಅಲ್ಲಿಯ ವಿದ್ಯುತ್ ನಮಗೆ ಬರುತ್ತಿದೆ, ಹಣ ಅವರಿಗೆ ಹೋಗುತ್ತಿದೆ. ಆದರೆ ಮೂರು ದೇಶಗಳು ಕೂಡಬೇಕಾದಾಗ ನೋಡಿ. ನೇಪಾಳದ ವಿದ್ಯುತ್ ಭಾರತದ ತಂತಿಯ ಮೂಲಕ ಬಾಂಗ್ಲಾದೇಶಕ್ಕೆ ಹೋಗುವ ಒಪ್ಪಂದಕ್ಕೆ ಸಹಿ ಬಿದ್ದದ್ದು 2024ರ ಅಕ್ಟೋಬರಿನಲ್ಲಿ. ಅದೂ 40 ಮೆಗಾವ್ಯಾಟ್! ಶಕ್ತಿನಗರದ ಒಂದು ಹಳೆಯ ಘಟಕವೇ 210 ಮೆಗಾವ್ಯಾಟಿನದು. ತಂತಿ ಮೊದಲೇ ಇತ್ತು, ಇಲ್ಲದಿದ್ದದ್ದು ವಿಶ್ವಾಸ.

ಇನ್ನು ಭಾರದ ಮಾತು. ನಮ್ಮ ಜಿಲ್ಲೆ 1985ರಿಂದ ರಾಜ್ಯಕ್ಕೆ ವಿದ್ಯುತ್ ಕೊಡುತ್ತ ಬಂದಿದೆ. ಶಕ್ತಿನಗರದ್ದು 1,720 ಮೆಗಾವ್ಯಾಟ್, ಆಮೇಲೆ ಬಂದ ಯರಮರಸಿನದು 1,600. ಬೂದಿ ನಮಗೆ, ಬೆಳಕು ಬೆಂಗಳೂರಿಗೆ ಎಂಬ ಕೊರಗು ಇಲ್ಲಿ ಹಳೆಯದು. ಸೂರ್ಯನ ವಿದ್ಯುತ್ತಿಗೆ ಬೂದಿಯಿಲ್ಲ, ಆದರೆ ಟವರ್ ಉಂಟು. ಕೆಲವು ವರ್ಷಗಳ ಹಿಂದೆ ಬಸ್ಸಿನಲ್ಲಿ ನನ್ನ ಪಕ್ಕ ಕುಳಿತಿದ್ದ ಹಿರಿಯ ರೈತರೊಬ್ಬರು ಕಿಟಕಿಯಾಚೆ ತೋರಿಸಿ, "ಈ ತಂತಿ ಎಲ್ಲಿಗಿ ಹೋಗ್ತದ್ರೀ ಸರ?" ಎಂದರು. ಹೇಳಿದೆ. ದೇಶ ಒಂದಾದದ್ದು, ಮುಂದೆ ಪರದೇಶಕ್ಕೂ ಹೋಗಬಹುದಾದದ್ದು, ಎಲ್ಲವನ್ನೂ ಪಾಠದಂತೆಯೇ ಹೇಳಿದೆ. ಅವರು ಸಾವಕಾಶವಾಗಿ ಕೇಳಿ, "ಹೋಗಲಿ ಬಿಡ್ರಿ, ಛಲೋನೇ ಆತು. ಕಂಬದ ನಾಕು ಕಾಲು ನನ್ನ ಹತ್ತಿ ಹೊಲದಾಗ ಅದಾವ. ಅದಕ್ಕ ವರ್ಷಾ ಯಾರರ ಏನರ ಕೊಡ್ತಾರೇನು?" ಎಂದರು.

ಕೊಡುವುದಿಲ್ಲ. 1885ರ ಟೆಲಿಗ್ರಾಫ್ ಕಾಯ್ದೆಯಿಂದ ಬಂದ ಅಧಿಕಾರದ ಬಲದಲ್ಲಿ, ಜಮೀನನ್ನು ಕೊಳ್ಳದೆಯೇ ಟವರ್ ನಿಲ್ಲಿಸಲಾಗುತ್ತಿತ್ತು. ಬೆಳೆಹಾನಿಗೆ ಒಮ್ಮೆ ಪರಿಹಾರ ಕೊಟ್ಟರೆ ಮುಗಿಯಿತು. ಹೊಲ ಅವರದೇ, ಆದರೆ ತಂತಿಯ ಕೆಳಗೆ ಒಂದು ಬೇವಿನ ಮರ ಬೆಳೆಸುವಂತಿಲ್ಲ. ಕೇಂದ್ರದ ಮಾರ್ಗಸೂಚಿ 2015ರಲ್ಲಿ ಟವರ್ ನಿಂತ ಜಾಗಕ್ಕೆ ಜಮೀನಿನ ಬೆಲೆಯ ಶೇ. 85 ಎಂದಿತು, 2024ರಲ್ಲಿ ಶೇ. 200 ಎಂದಿತು. ಒಳ್ಳೆಯದೇ. ಆದರೂ ಅದು ಒಂದೇ ಸಲದ ಹಣ. ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕಿಗೆ ರೈತರಿಂದ ಭೂಮಿಯನ್ನು ಕಿತ್ತುಕೊಳ್ಳದೆ ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಕಾಲಕಾಲಕ್ಕೆ ಏರಿಸುವ ಕರಾರು. ಅಲ್ಲಿ ಕೂಲಿಕಾರರಿಗೆ ಕೆಲಸ ತಪ್ಪಿತೆಂಬ ದೂರು ಇದೆ, ಅದು ಸುಳ್ಳಲ್ಲ. ಆದರೂ ಫಲಕಕ್ಕೆ ಬಾಡಿಗೆ ಕೊಡಬಹುದಾದರೆ ಟವರಿಗೆ ಏಕೆ ಕೊಡಬಾರದು? ದೇಶಗಳು ತಂತಿಯ ಒಪ್ಪಂದಕ್ಕೆ ಸಹಿ ಹಾಕುವಾಗ ಹಾದುಹೋಗುವ ಪ್ರತಿ ಯೂನಿಟ್ಟಿಗೆ ಸಾಗಣೆ ಶುಲ್ಕ ಬರೆದುಕೊಳ್ಳುತ್ತವೆ. ಅದರಲ್ಲಿ ಒಂದೆರಡು ಪೈಸೆಯನ್ನು ಟವರಿನ ಕಾಲು ನಿಂತ ಹೊಲದವರ ಖಾತೆಗೆ ವರ್ಷವರ್ಷ ಹಾಕಬೇಕೆಂಬ ಒಂದು ಕಲಮನ್ನು ಸೇರಿಸಲಿ. ಸೌರ ಒಕ್ಕೂಟದ ಕಚೇರಿ ನಮ್ಮ ದೇಶದಲ್ಲೇ ಇರುವುದರಿಂದ ಈ ಮಾತನ್ನು ಮೊದಲು ಎತ್ತಬೇಕಾದವರೂ ನಾವೇ.

ಕಡೆಯದಾಗಿ, ದುಬೈ, ಅಬುಧಾಬಿಯಲ್ಲಿರುವ ಶಿಷ್ಯರಿಗೆ ಒಂದು ಮನೆಗೆಲಸ. ಹಗಲಿರುಳು ಸಮವಾಗುವ ಮಾರ್ಚ್ 21ರಂದು ನಿಮ್ಮಲ್ಲಿ ಸೂರ್ಯ ಮುಳುಗಿದ ಹೊತ್ತನ್ನು ಬರೆದು ಕಳಿಸಿ. ಇಲ್ಲಿಯ ಹೊತ್ತನ್ನು ನಾನು ನೋಡಿಡುತ್ತೇನೆ. ಅಲ್ಲಿಯ ಗಡಿಯಾರವನ್ನು ಭಾರತದ ಸಮಯಕ್ಕೆ ಬದಲಿಸುವುದನ್ನು ಮರೆಯಬೇಡಿ, ಅಂದು ನಿಮ್ಮಲ್ಲಿ ಹೆಚ್ಚಿನವರು ಅಂಕ ಕಳೆದುಕೊಂಡದ್ದು ಅಲ್ಲಿಯೇ.